ಲಕ್ಷ್ಮಿ ಪೂಜೆಯ ಎಂಟ್ರಿಯೂ ನನ್ನ ನೌಕರಿಯೂ

ಸರ್ವರ್ ಕೆಟ್ಟರೆ ರಿಪೇರಿ ಮಾಡಬಹುದು, ಅದರ ಸುತ್ತ ಕೂತವರನ್ನು ಹೇಗೆ ರಿಪೇರಿ ಮಾಡೋದು? ಈ ಕಸುಬಿಗೆ ಬಿದ್ದಾಗಿನಿಂದ ನನಗೆ ಇಂಥವರೇ ಗಂಟು ಬೀಳುತ್ತಾರೆ.

ಇದು ಮೈನಿಂಗ್ ಜೋರಿದ್ದ ಕಾಲದ ಮಾತು. ನಮ್ಮ ಸಾವ್ಕಾರರು ಸಿರುಗುಪ್ಪದಲ್ಲಿ ರೈಸ್‌ಮಿಲ್ ಇಟ್ಟುಕೊಂಡಿದ್ದವರು. ಅದಿರಿನ ಗಾಳಿ ಬೀಸಿದ್ದೇ ತಡ, ಲಾರಿಗಳನ್ನು ಕೊಂಡು ಕುರುಗೋಡಿನ ರಸ್ತೆಯಲ್ಲಿ ಲಾರಿ ತೂಗುವ ವೇಬ್ರಿಜ್ ಹಾಕಿದರು. ಮಿಲ್ಲು, ವೇಬ್ರಿಜ್ ಎರಡೂ ಕಡೆಯ ತೂಕದ ಚೀಟಿ ಕುರುಗೋಡಿನ ಒಂದೇ ಸರ್ವರಿನಿಂದ ಬರಬೇಕು. ಅದನ್ನು ನೋಡಿಕೊಳ್ಳಲು ನಾನು ಬಳ್ಳಾರಿಯಿಂದ ದಿನಾ ಬಸ್ಸು ಹತ್ತುತ್ತಿದ್ದೆ. ಮೊದಲ ದಿನವೇ ಸಾವ್ಕಾರರು ಹೇಳಿಬಿಟ್ಟಿದ್ದರು: "ನೋಡು ತಮ್ಮಾ, ಲಾರಿ ನಿಂತ್ರ ನೀನು ಮನಿಗೆ." ಮನೆಯಾದರೂ ಎಲ್ಲಿತ್ತು? ನಾವು ಖಾಲಿ ಮಾಡಿದರೆ ಗಣಿಯವರಿಗೆ ಮೂರು ಪಟ್ಟು ಬಾಡಿಗೆಗೆ ಕೊಡಬಹುದು ಅಂತ ಮನೆ ಓನರ್ ದಿನಾ ಬಂದು ಗೋಡೆ ನೋಡಿ ಹೋಗುತ್ತಿದ್ದ.

ಮೀಟರು

ಡೇಟಾಬೇಸಿನಲ್ಲಿ ಯಾವ ಕೆಲಸ ಮಾಡಿದರೂ ಸರ್ವರ್ ಅದಕ್ಕೊಂದು ನಂಬರ್ ಕೊಡುತ್ತದೆ. ನಂಬರುಗಳು ಮುಗಿದರೆ ಮತ್ತೆ ಮೊದಲಿಂದ ಶುರು. ಆಗ ಯಾವುದು ಹಳೆಯದು ಯಾವುದು ಹೊಸದು ಅಂತ ಅದಕ್ಕೇ ತಿಳಿಯುವುದಿಲ್ಲ. ಹಾಗಾಗಬಾರದೆಂದರೆ ಆಗಾಗ ಒಳಗೆ ಸಫಾಯಿ ಮಾಡಿ ಹಳೆಯ ನಂಬರುಗಳನ್ನು ಬಿಡಿಸಬೇಕು. ಸಫಾಯಿ ನಡೆಯುವಾಗ ಚೀಟಿ ತಡವಾಗುತ್ತದೆಂದು ಸಾವ್ಕಾರರು ಅದನ್ನೇ ಬಂದ್ ಮಾಡಿಸಿದ್ದರು.

"ಲಾರಿ ಮೀಟರ್ ತುಂಬಿ ಸೊನ್ನಿಗೆ ಬರ್ತದಲ್ರಿ, ಹಂಗ ಆಗ್ತೈತ್ರಿ," ಅಂತ ಕೈಮುಗಿದು ಬಿಡಿಸಿ ಹೇಳಿದೆ.

ಸಾವ್ಕಾರರ ಮುಖ ಅರಳಿತು. "ಛಲೋ ಆತಲ್ಲೋ! ಮಾರೋವಾಗ ಹೊಸಾದು ಅಂತ ಹೇಳಬೌದು."

ಕೆಂಪಕ್ಷರ

ನಂಬರು ಮುಗಿಯುತ್ತಾ ಬಂದರೆ ಸರ್ವರ್ ಸುಮ್ಮನಿರುವುದಿಲ್ಲ, ಪರದೆಯ ಕೆಳಗೆ ಕೆಂಪಕ್ಷರದಲ್ಲಿ ಎಚ್ಚರಿಕೆ ಕೊಡುತ್ತದೆ. ಸಿರುಗುಪ್ಪದ ಮಿಲ್ಲಿನ ಗುಮಾಸ್ತರಿಗೆ ಫೋನ್ ಮಾಡಿ ಕೇಳಿದೆ.

"ಬರ್ತಿತ್ರಿ ಸರ. ಈಗ ಕಾಣಂಗಿಲ್ಲ."

ಎಚ್ಚರಿಕೆ ತಾನಾಗಿ ಹೋಗುವ ಮಾತೇ ಇಲ್ಲ. ಮುಂದಿನ ಬಸ್ಸಿಗೇ ಸಿರುಗುಪ್ಪಕ್ಕೆ ಓಡಿದೆ. ಹೋಗಿ ನೋಡಿದರೆ ಪರದೆಯ ಕೆಳಭಾಗಕ್ಕೆ ಅಡ್ಡಲಾಗಿ ದೇವರ ಸ್ಟಿಕ್ಕರ್.

"ಮುಂಜಾನೆದ್ದು ಕೆಂಪು ನೋಡಬಾರ್ದು ಅಂತ ಹಚ್ಚೀವ್ರಿ," ಅಂದರು ಗುಮಾಸ್ತರು. "ಅವತ್ತಿಂದ ಏನೂ ತೊಂದ್ರಿ ಇಲ್ರಿ."

ಹಾರ ಹಾಕಿದ ಕಂಪ್ಯೂಟರು

ಸಾವ್ಕಾರರ ಕಾಲು ಹಿಡಿದು ಒಪ್ಪಿಸಿ ಕಡೆಗೂ ಸಫಾಯಿ ಓಡಿಸಿದೆ. ಏನೂ ಪ್ರಯೋಜನವಾಗಲಿಲ್ಲ. ಯಾರೋ ಒಂದು ಎಂಟ್ರಿ ಶುರು ಮಾಡಿ ಮುಗಿಸದೆ ಬಿಟ್ಟಿದ್ದರು. ಅದು ಮುಗಿಯುವ ತನಕ, ಅದರ ಆಮೇಲೆ ಬಂದದ್ದನ್ನೆಲ್ಲ ಸರ್ವರ್ ಸಫಾಯಿಗೆ ಬಿಡದೆ ಹಾಗೇ ಹಿಡಿದುಕೊಂಡು ಕೂರುತ್ತದೆ. ಹುಡುಕುತ್ತಾ ಹೋದರೆ ಅದು ಸಿಕ್ಕಿದ್ದು ಸಾವ್ಕಾರರ ಕೋಣೆಯಲ್ಲೇ. ಕಂಪ್ಯೂಟರಿಗೆ ಹಾರ, ಅರಿಸಿನ, ಕುಂಕುಮ, ಮುಂದೆ ಊದಿನಕಡ್ಡಿ. ದೀಪಾವಳಿಯ ಲಕ್ಷ್ಮಿ ಪೂಜೆಯಲ್ಲಿ ಹೊಸ ಲೆಕ್ಕದ ಮೊದಲ ಎಂಟ್ರಿ ಹಾಕಿ, ಸೇವ್ ಮಾಡದೆ ಹಾಗೇ ಬಿಟ್ಟಿದ್ದರು. ಕರೆಂಟ್ ಹೋದರೆ ಆ ಒಂದಕ್ಕೇ ಬೇರೆ ಜನರೇಟರ್.

"ಇದನ್ನ ಮುಚ್ಚಬೇಕ್ರಿ ಸಾವ್ಕಾರ್ರ."

"ಬಿಡ್ತು ಅನ್ನು! ಲಕ್ಷ್ಮಿನ್ನ ಮುಚ್ಚಿದ್ರ ಧಂದೆ ಮುಚ್ಚಿದಂಗ. ಬೇಕಾದ್ರ ಉಳಿದದ್ದೆಲ್ಲಾ ಮುಚ್ಚು."

ಮುಹೂರ್ತ

ಆಗಬೇಕಾದದ್ದು ಆಯಿತು. ಹಳೆಯದು ಹೊಸದು ಕಲಸಿಹೋಗಬಾರದೆಂದು ಒಂದು ಮುಂಜಾನೆ ಸರ್ವರ್ ಇನ್ನು ಒಂದೇ ಒಂದು ನಂಬರೂ ಕೊಡುವುದಿಲ್ಲ ಅಂತ ಕೂತುಬಿಟ್ಟಿತು. ಚೀಟಿ ಇಲ್ಲದೆ ಲಾರಿ ಅಲ್ಲಾಡುವಂತಿಲ್ಲ. ಕುರುಗೋಡಿನ ರಸ್ತೆಯ ತುಂಬ ಲಾರಿ, ಕೆಂಪು ದೂಳು, ಹಾರ್ನು. ಆಂಧ್ರದ ಡ್ರೈವರೊಬ್ಬ ಕಿಟಕಿಯಲ್ಲಿ ತಲೆ ಹಾಕಿ "ಎಂತಸೇಪಯ್ಯಾ?" ಅಂತ ನನ್ನನ್ನೇ ಗದರಿದ. ಎಷ್ಟು ಹೊತ್ತು ಅಂತ ನನಗಾದರೂ ಏನು ಗೊತ್ತು?

"ಲಕ್ಷ್ಮಿ ಎಂಟ್ರಿ ಮುಚ್ಚಿ ಸಫಾಯಿ ಮಾಡಿದ್ರ ಸಂಜಿಗೆ ಲಾರಿ ಬಿಡಬೌದ್ರಿ," ಅಂದೆ. ಈ ಸಲ ಸಾವ್ಕಾರರು ಒಪ್ಪಿದರು. ಆದರೆ ಮುಚ್ಚುವುದಕ್ಕೂ ಮುಹೂರ್ತ ಬೇಕಲ್ಲ? ಕಾರು ಹೋಗಿ ಬಳ್ಳಾರಿಯಿಂದ ಪೂಜೆ ಮಾಡಿಸುವ ಅಯ್ಯನೋರನ್ನು ಕರೆತಂದಿತು. ರಾಹುಕಾಲ ಕಳೆಯಲಿ ಅಂದರು ಅಯ್ಯನೋರು. ಕಳೆಯಿತು. ಮಂಗಳಾರತಿ ಆಯಿತು. ಗಂಟೆ ಬಾರಿಸುತ್ತಾ ನನಗೆ ಕಣ್ಸನ್ನೆ ಮಾಡಿದರು, ನಾನು ಬಟನ್ ಒತ್ತಿದೆ. ಮಧ್ಯಾಹ್ನವೆಲ್ಲ ಊಟವಿಲ್ಲದೆ ಕೂತು ಸಫಾಯಿ ಮುಗಿಸಿದೆ. ಸಂಜೆಗೆ ಚೀಟಿ ಬಂತು, ಲಾರಿ ಹೊರಟಿತು.

ಸಾವ್ಕಾರರು ಅಯ್ಯನೋರಿಗೆ ಶಾಲು ಹೊದಿಸಿ ಕಾಲಿಗೆ ಬಿದ್ದರು. "ತಿಂಗಳಿಗೊಮ್ಮಿ ಬಂದು ಹಿಂಗ ಪೂಜಿ ಮಾಡಿಕೊಡ್ರಿ." ಆಮೇಲೆ ನನ್ನ ಕಡೆ ತಿರುಗಿ, "ಮುಂಜಾನಿ ಲಾರಿ ನಿಂತಿದ್ವು. ನೀನಿನ್ನ ಮನಿಗೆ ಹೋಗಪಾ," ಅಂದರು. ಟಿಫಿನ್ ಡಬ್ಬಿ ಎತ್ತಿಕೊಂಡು ಬಸ್‌ಸ್ಟಾಪಿಗೆ ನಡೆದೆ.

ಹಿಂದೆಯೇ ಸಾವ್ಕಾರರ ಕಾರು ಬಂದು ನಿಂತಿತು. ಗಾಜು ಇಳಿಸಿ, ಹೊಸ ಶಾಲು ಸರಿಮಾಡಿಕೊಳ್ಳುತ್ತಾ ಅಯ್ಯನೋರು ಮೆಲ್ಲಗೆ ಕೇಳಿದರು:

"ತಮ್ಮಾ, ಗಂಟಿ ಬಾರ್ಸೋವಾಗ ನೀ ಒತ್ತಿದ್ದು ಯಾವ ಬಟನ್ನಪಾ? ಮುಂದಿನ ತಿಂಗ್ಳ ನಾನ ಒತ್ತಬೇಕಲ್ಲ!"