ಟಗರಿಗಿಂತ ಮೊದಲು ಭಾವ

ನಮ್ಮ ಅಕ್ಕನ ಗಂಡ ಕುರಿಗಳ ಬೂಸಾ ತಿಂದೇ ಇಷ್ಟು ಗಟ್ಟಿಯಾಗಿದ್ದಾರೆ ಎಂದರೆ ನೀವು ನಂಬುವುದಿಲ್ಲ. ಬೈಯುತ್ತಿಲ್ಲ ಸ್ವಾಮಿ, ಇದ್ದದ್ದನ್ನೇ ಹೇಳುತ್ತಿದ್ದೇನೆ! ಕಣಕಟ್ಟೆಯ ತೆಂಗಿನ ತೋಟದೊಳಗೆ ಅವರದೊಂದು ಕುರಿ ರೊಪ್ಪ. ತಾವು ರುಚಿ ನೋಡದ ಯಾವುದನ್ನೂ ಕುರಿಗಳಿಗೆ ಕೊಡುವುದಿಲ್ಲ ಎಂಬುದು ಭಾವನ ವ್ರತ. ಬೂಸಾ ಬಾಯಿಗೆ ಹಾಕಿಕೊಂಡು ಉಪ್ಪು ಕಮ್ಮಿ ಅನ್ನುತ್ತಾರೆ. ಅಕ್ಕನ ಸಾರಿಗೆ ಆ ಮಾತು ಹೇಳುವ ಧೈರ್ಯ ಈವರೆಗೆ ಬಂದಿಲ್ಲ! ಒಮ್ಮೆ ಜಂತುಹುಳದ ಔಷಧಿ ಕುಡಿದವರು ದಿನವಿಡೀ ಬೇಲಿಯ ಮರೆ ಬಿಟ್ಟು ಈಚೆ ಬರಲಿಲ್ಲ. "ಕೆಲಸ ಮಾಡ್ತೈತೆ, ಧೈರ್ಯವಾಗಿ ಕುಡಿಸ್ಬೋದು" ಎಂದು ಅಲ್ಲಿಂದಲೇ ವರದಿ ಒಪ್ಪಿಸಿದರು.

ಮೊನ್ನೆ ಬೇಲೂರಿನ ಗಿರಾಕಿಯೊಬ್ಬ ಅವರ ಮುದ್ದಿನ ಟಗರಿನ ತೊಡೆ ತುಂಬಿಲ್ಲ ಅಂದನಂತೆ. ಭಾವನಿಗೆ ಅವಮಾನವಾಯಿತು. ಸಂತೆಯಲ್ಲಿ ಯಾರೋ ಕೊಟ್ಟ, ಮೈ ತುಂಬಿಸುವ ಪುಡಿ ತಂದರು. ಕೊಬ್ಬು ಕರಗಿ ಮಾಂಸಖಂಡ ಉಬ್ಬುತ್ತದಂತೆ! ವ್ರತದ ಪ್ರಕಾರ ಇವತ್ತು ತಾವು ತಿಂದು, ನಾಳೆ ಟಗರಿಗೆ ಹಾಕಬೇಕು. ಆ ಉತ್ಸಾಹದಲ್ಲಿ ಕಾಯುವವರು ಯಾರು? ಚಿಟಿಕೆ ತಮ್ಮ ನಾಲಿಗೆಗೆ, ಹಿಡಿ ಅದರ ಬೂಸಾಕ್ಕೆ!

ಸ್ವಲ್ಪ ಹೊತ್ತಿಗೇ ಅಕ್ಕನ ಫೋನು, ಭಾವನಿಗೆ ಎದೆ ಹೊಡೆದುಕೊಳ್ಳುತ್ತಿದೆ ಅಂತ. ಅರಸೀಕೆರೆಯ ಆಸ್ಪತ್ರೆಗೆ ಓಡಿದೆ. ತಿಥಿಗೆ ಯಾವ ಅಡುಗೆಯವರಿಗೆ ಹೇಳುವುದು ಎಂಬ ಯೋಚನೆ ದಾರಿಯಲ್ಲೇ ಮುಗಿದಿತ್ತು. ನನ್ನ ಸ್ವಭಾವವೇ ಹಾಗೆ! ಭಾವ ಎದೆ ಹಿಡಿದುಕೊಂಡು ಮಂಚದ ಮೇಲೆ ಮಲಗಿದ್ದರು.

ಕೊಬ್ಬು ಉರಿದು ಖಂಡ ಬರುವುದೇನೋ ನಿಜ, ಆದರೆ ಕೂತಲ್ಲೇ ಎದೆ ಓಟ ಕೀಳುತ್ತದೆ, ಗುಂಡಿಗೆ ಅದನ್ನು ತಡೆಯಬೇಕಲ್ಲ ಎಂದರು ಡಾಕ್ಟರು. ಭಾವ ತಟ್ಟನೆ ಎದ್ದು ಕೂತರು.

"ಅದೂ ತಿಂದೈತೆ."

"ಯಾರ್ರೀ?"

"ನಮ್ ಟಗರು."

ನಾನು ಹೋಗಿ ನೋಡಿಕೊಳ್ಳುವವರೆಗೂ ಮಲಗುವುದಿಲ್ಲವೆಂದು ಹಟ ಹಿಡಿದರು. ಪಶುವೈದ್ಯರನ್ನು ಕರೆದುಕೊಂಡು ಕಣಕಟ್ಟೆಗೆ ಹೋದೆ. ನೆರಳಲ್ಲಿ ಕಟ್ಟಿ, ನೀರಿಡಿ, ಬೆದರಿಸಬೇಡಿ, ಪಕ್ಕದಲ್ಲೇ ಇರಿ ಎಂದರು ಅವರು. ಅದರ ಎದೆ ನೀರೆತ್ತುವ ಪಂಪಿನಂತೆ ಹೊಡೆದುಕೊಳ್ಳುತ್ತಿತ್ತು. ನನ್ನದು ಪುಡಿಯ ಹಂಗಿಲ್ಲದೆ ಅದಕ್ಕಿಂತ ಜೋರಾಗಿ! ನಡುನಡುವೆ ಭಾವನ ಫೋನು: ಎದೆ ಇನ್ನೂ ಓಡುತ್ತಿದೆಯೇ, ಕಣ್ಣು ಬಿಟ್ಟಿದೆಯೇ?

ಸಂಜೆಯ ಹೊತ್ತಿಗೆ ಬಡಿತ ತಗ್ಗಿತು, ಟಗರು ನೀರಿಗೆ ಬಾಯಿ ಹಾಕಿತು. ನಾನೇ ಫೋನು ಮಾಡಿ ಹೇಳಿದೆ. ಆ ಕಡೆಯಿಂದ ಭಾವ ಅಂದರು:

"ನಂಗಾದ್ರೆ ಬಾಯೈತೆ. ಎದೆ ಹಿಂಗಾಗ್ತೈತೆ ಅಂತ ನಿಮ್ಮಕ್ಕನ್ನ ಕೂಗ್ದೆ. ಅದು ಯಾರನ್ನ ಕೂಗ್ಬೇಕಿತ್ತಪ್ಪ?"

ಟಗರಿನ ಎದೆಯ ಮೇಲಿಟ್ಟ ಕೈಯನ್ನು ನಾನು ತೆಗೆಯಲಿಲ್ಲ.