ತಗಡಿನ ಡಬ್ಬಿ ಮತ್ತು ನನ್ನ ಬಲಗಿವಿ

ಮನುಷ್ಯನು ತನ್ನ ಕಣ್ಣು ಮಂಜಾಗಿದೆ ಎಂದು ಒಪ್ಪಿಕೊಳ್ಳುವಷ್ಟು ಸುಲಭವಾಗಿ ಕಿವಿ ಮಂದವಾಗಿದೆ ಎಂದು ಒಪ್ಪಿಕೊಳ್ಳುವುದಿಲ್ಲ. ಕನ್ನಡಕ ಧರಿಸಿದವನನ್ನು ಜನರು ಓದಿಕೊಂಡವನೆಂದು ಭಾವಿಸುತ್ತಾರೆ. ಕಿವಿಗೆ ಯಂತ್ರ ಇಟ್ಟುಕೊಂಡವನ ಎದುರು ಮಾತ್ರ ಎಲ್ಲರೂ ಗಂಟಲು ಏರಿಸುತ್ತಾರೆ. ಈ ಪೀಠಿಕೆಯೊಂದಿಗೆ ಓದುಗರ ಸಮಕ್ಷಮ ನಾನು ನಿವೇದಿಸಿಕೊಳ್ಳುವುದೇನೆಂದರೆ, ನನಗೆ ಪ್ರಬಂಧ ಬರೆದು ಅಭ್ಯಾಸವಿಲ್ಲ. ಗಡಿನಾಡಿನ ಪಂಚಾಯತ್ ಕಚೇರಿಯೊಂದರಲ್ಲಿ ಮಲಯಾಳದ ಸುತ್ತೋಲೆಗಳನ್ನು ಕನ್ನಡಕ್ಕೆ ಇಳಿಸುತ್ತ ನಿವೃತ್ತನಾದವನು ನಾನು. ಈ ಬರಹದ ಮೊದಲ ಪ್ರತಿಯಲ್ಲಿ ‘ವಿಷಯ’, ‘ಉಲ್ಲೇಖ’ ಎಂಬ ಎರಡು ಸಾಲುಗಳಿದ್ದವು. ಅವನ್ನು ಹೊಡೆದುಹಾಕಿದ ಮೇಲೆ ಚಪ್ಪಲಿಯಿಲ್ಲದೆ ಪೇಟೆಗೆ ಇಳಿದಂತೆ ಅನ್ನಿಸುತ್ತಿದೆ. ಲೋಪದೋಷಗಳಿದ್ದಲ್ಲಿ ಮನ್ನಿಸತಕ್ಕದ್ದು.

ಹೇಳಬೇಕಾದದ್ದು ಬ್ರೆಡ್ ಪುಡಿಯ ಬಗ್ಗೆ. ಕಟ್ಲೆಟ್ಟಿನ ಮೈಗೆ ಹತ್ತಿಕೊಂಡು ಎಣ್ಣೆಯಲ್ಲಿ ಕೆಂಪಾಗುವ, ತಿಂದವರು ಯಾರೂ ಎಂದೂ ಹೆಸರೆತ್ತದ ವಸ್ತು ಅದು. ಮಂಗಲ್ಪಾಡಿಯಲ್ಲಿ ನಮ್ಮ ಮನೆಯ ಹಿಂದೆ ತಂದೆಯವರ ಬೇಕರಿಯಿತ್ತು. ಬೇಕರಿ ಈಗಿಲ್ಲ, ಅದರ ಬೋರ್ಮ, ಅಂದರೆ ಸೌದೆ ಉರಿಸಿ ಬ್ರೆಡ್ಡು ಬೇಯಿಸುವ ಇಟ್ಟಿಗೆಯ ಗೂಡು, ಇನ್ನೂ ಇದೆ. ಉಪ್ಪಳದ ಬೇರೊಂದು ಬೇಕರಿಯಿಂದ ಬ್ರೆಡ್ಡು ತರಿಸಿ, ಹೋಳು ಮಾಡಿ, ಬೆಂಕಿ ಆರಿಸಿದ ಬೋರ್ಮದ ಉಳಿದ ಕಾವಿನಲ್ಲಿ ಒಣಗಿಸಿ, ಪುಡಿ ಮಾಡಿ, ಜರಡಿ ಹಿಡಿದು ಡಬ್ಬಿಗೆ ತುಂಬುವ ಕೆಲಸವನ್ನು ನಿವೃತ್ತಿಯ ನಂತರ ನಾನೂ ನನ್ನ ಹೆಂಡತಿ ವಾರಿಜಳೂ ನಡೆಸಿಕೊಂಡು ಬಂದಿದ್ದೇವೆ. ಆ ಗೂಡಿನಲ್ಲಿ ವಾರಕ್ಕೆ ಮೂರು ದಿನವಾದರೂ ಬೆಂಕಿ ಕಾಣಬೇಕೆಂಬುದು ನನ್ನ ಹಟ. ತಂದೆಯವರ ಕೈಯ ಬಿಸಿ ಅದರಲ್ಲಿ ಉಳಿದಿದೆ ಎಂದು ನಾನು ನಂಬಿದ್ದೇನೆ. ಇದಕ್ಕೆ ದಾಖಲೆ ಕೇಳಬಾರದು.

ಪುಡಿಗೆ ಶತ್ರು ಒಂದೇ, ತೇವ. ಸ್ವಲ್ಪ ಹಸಿ ಉಳಿದರೆ ತಿಂಗಳೊಳಗೆ ಬೂಸಲು. ತಂದೆಯವರು ಇದನ್ನು ಕಿವಿಯಿಂದ ಪರೀಕ್ಷಿಸುತ್ತಿದ್ದರು. ಬಿಸ್ಕೀಟಿನ ಖಾಲಿ ತಗಡಿನ ಡಬ್ಬಿಗೆ ಎರಡು ಮುಷ್ಟಿ ಪುಡಿ ಹಾಕಿ, ಮುಚ್ಚಿ, ಬಲಗಿವಿಯ ಬಳಿ ಮೆಲ್ಲನೆ ಅಲ್ಲಾಡಿಸುವುದು. ಹಸಿ ಇದ್ದರೆ ಪುಡಿ ಮಾತಾಡುವುದಿಲ್ಲ. ಒಣಗಿದ್ದರೆ, ಅವರ ಮಾತಿನಲ್ಲೇ ಹೇಳುವುದಾದರೆ, ಹಲಸಿನ ತರಗೆಲೆಯ ಮೇಲೆ ಅರಣೆ, ಅಂದರೆ ಹಾವುರಾಣಿ, ಓಡಿದ ಹಾಗೆ ಕೇಳಬೇಕು. ನಾನು ಚಿಕ್ಕವನಿದ್ದಾಗ ಮೂರು ಡಬ್ಬಿ ಇಟ್ಟು, ನನ್ನ ಕಣ್ಣು ಮುಚ್ಚಿಸಿ, ಅರಣೆ ಯಾವುದರಲ್ಲಿದೆ ಎಂದು ಕೇಳುತ್ತಿದ್ದರು. ಸರಿಯಾಗಿ ಹೇಳಿದರೆ ಬಿಸಿ ಬನ್ನಿನ ಕೆಂಪು ತಲೆ ನನಗೆ, ತಪ್ಪಿದರೆ ಅವರಿಗೆ. ಅವರು ತಲೆಯನ್ನು ಅಗಿಯುತ್ತ ನನ್ನನ್ನೇ ನೋಡುತ್ತಿದ್ದುದು ಇಂದಿಗೂ ನೆನಪಿದೆ. ಗಲ್ಫಿನಿಂದ ಬಂದ ನೆರೆಯವರೊಬ್ಬರು ಒಮ್ಮೆ ಹೊರದೇಶದ ಪುಡಿಯ ಪ್ಯಾಕೆಟ್ಟು ತಂದುಕೊಟ್ಟರು. ಹಿಂಜಿದ ಹತ್ತಿಯಂತೆ ಬೆಳ್ಳಗೆ, ಉದ್ದುದ್ದ ಎಳೆ. ತಂದೆಯವರು ಅದನ್ನೂ ಡಬ್ಬಿಗೆ ಹಾಕಿ ಆಲಿಸಿದರು. “ಒಣಗಿದೆ,” ಎಂದರು. “ಆದರೆ ಎಂತದೂ ಹೇಳುವುದಿಲ್ಲ.”

ಅದೇ ವಿಧಾನವನ್ನು ನಾನು ಚಾಚೂ ತಪ್ಪದೆ ಅನುಸರಿಸಿದೆ. ಕಚೇರಿಯ ಅಭ್ಯಾಸದಿಂದ ಒಂದೇ ಒಂದು ಸುಧಾರಣೆ ಮಾಡಿದೆ: ಆಲಿಸಿದ ಮೇಲೆ ಡಬ್ಬಿಯ ಮೇಲೆ ಸೀಮೆಸುಣ್ಣದಿಂದ ‘ಅಂಗೀಕರಿಸಲಾಗಿದೆ’ ಎಂದೋ ‘ಇನ್ನೊಮ್ಮೆ ಒಣಗಿಸತಕ್ಕದ್ದು’ ಎಂದೋ ಷರಾ ಬರೆಯುವುದು. ಹೀಗಿರುವಲ್ಲಿ, ಕೆಲವು ವರ್ಷಗಳ ಹಿಂದೆ ಪುಡಿ ಮಾತಾಡುವುದನ್ನು ನಿಲ್ಲಿಸಿತು. ಯಾವ ಡಬ್ಬಿ ಅಲ್ಲಾಡಿಸಿದರೂ ಹಸಿ. ನಾನು ಮೊದಲು ಸಮುದ್ರದ ಗಾಳಿಯನ್ನು ದೂರಿದೆ, ಆಮೇಲೆ ಸೌದೆಯನ್ನು, ಆಮೇಲೆ ಬ್ರೆಡ್ಡನ್ನು. ‘ತಾವು ಸರಬರಾಜು ಮಾಡುತ್ತಿರುವ ಬ್ರೆಡ್ಡಿನಲ್ಲಿ ತೇವಾಂಶವು ಅಧಿಕವಾಗಿರುವುದು ನಮ್ಮ ಗಮನಕ್ಕೆ ಬಂದಿರುತ್ತದೆ’ ಎಂದು ಬೇಕರಿಯವರಿಗೆ ಪತ್ರವನ್ನೂ ಬರೆದೆ. ಅವರು ಉತ್ತರ ಕೊಡಲಿಲ್ಲ. ದಾರಿಯಲ್ಲಿ ಸಿಕ್ಕಾಗ ನಕ್ಕರು. ಪ್ರತಿ ಸಲದ ಪುಡಿಯೂ ಎರಡು ಬಾರಿ, ಕೆಲವೊಮ್ಮೆ ಮೂರು ಬಾರಿ ಬೋರ್ಮಕ್ಕೆ ಮರಳುತ್ತಿತ್ತು. ಆಮೇಲೂ ಅದು ಮೌನವಾಗಿಯೇ ಇರುತ್ತಿದ್ದುದರಿಂದ ನಾನು ಸೋತು, ವಿಶೇಷ ಪ್ರಕರಣವೆಂದು ಪರಿಗಣಿಸಿ ಅಂಗೀಕರಿಸುತ್ತಿದ್ದೆ. ವಾರಿಜ ಒಂದು ಮಾತೂ ಆಡದೆ ಟ್ರೇಗಳನ್ನು ಮತ್ತೆ ಮತ್ತೆ ಗೂಡಿಗೆ ತಳ್ಳುತ್ತಿದ್ದಳು. ಮಾತಿಗೆ ಎಂದೂ ಬರವಿಲ್ಲದ ಹೆಂಗಸು ಸುಮ್ಮನಿದ್ದಾಗಲೇ ನಾನು ಎಚ್ಚರಗೊಳ್ಳಬೇಕಿತ್ತು.

ನಮ್ಮ ಪುಡಿಯನ್ನು ಕೊಳ್ಳುವವರು ಉಪ್ಪಳದ ಸಗಟು ವ್ಯಾಪಾರಿ ಹಮೀದಿಚ್ಚ. ಉಪವಾಸದ ತಿಂಗಳಲ್ಲಿ ಊರಿನ ಕಟ್ಲೆಟ್ಟುಗಳಿಗೆಲ್ಲ ಪುಡಿ ಅವರಲ್ಲಿಂದಲೇ ಹೋಗುವುದು. ಯುವಕರಾಗಿದ್ದಾಗ ತಂದೆಯವರ ಕೈಯಿಂದಲೇ ಡಬ್ಬಿ ಕೊಂಡವರು ಅವರು. ಕಳೆದ ಸಲ ಆ ತಿಂಗಳಿಗೆ ಮೊದಲು ಅವರು ಹೊರದೇಶದ ಪುಡಿಯ ಚೀಲವೊಂದನ್ನು ಹಿಡಿದುಕೊಂಡು ನಮ್ಮ ಅಂಗಳಕ್ಕೆ ಬಂದರು. ಮುಖದಲ್ಲಿ ಸಂಕೋಚವಿತ್ತು.

“ಈಗ ಎಲ್ಲರೂ ಪ್ಯಾಕೆಟ್ಟು ತಿರುಗಿಸಿ ಹಿಂದೆ ಓದುವವರು ಐತಪ್ಪಣ್ಣ,” ಎಂದರು. “ಇದಕ್ಕೆ ಲ್ಯಾಬಿನ ಕಾಗದ ಉಂಟು. ನಿಮ್ಮದಕ್ಕೆ ನಿಮ್ಮ ಕಿವಿ ಮಾತ್ರ ಉಂಟು. ಆರು ತಿಂಗಳು ಹಾಳಾಗುವುದಿಲ್ಲ ಅಂತ ಒಂದು ಕಾಗದ ತನ್ನಿ. ಇಲ್ಲದಿದ್ದರೆ ನಾನೂ ಇದನ್ನೇ ತರಿಸಬೇಕಷ್ಟೆ.”

ಅವರು ಬಿಟ್ಟರೆ ನಮಗೆ ಬೇರೆ ಗಿರಾಕಿಯಿಲ್ಲ; ಗಿರಾಕಿಯಿಲ್ಲದೆ ಬೋರ್ಮಕ್ಕೆ ಬೆಂಕಿಯಿಲ್ಲ. ಹೊರಡುವ ಮೊದಲು ಹಮೀದಿಚ್ಚ ನಾನು ತಿರಸ್ಕರಿಸಿಟ್ಟ ಡಬ್ಬಿಯೊಂದನ್ನು ಎತ್ತಿ, ಹಳೆಯ ರೂಢಿಯಿಂದ ಕಿವಿಯ ಬಳಿ ಅಲ್ಲಾಡಿಸಿದರು.

“ಇದನ್ನು ಎಂತಕ್ಕೆ ವಾಪಸು ಹಾಕಿದ್ದು? ನಿಮ್ಮ ಅಪ್ಪನ ಅರಣೆ ಓಡ್ತಾ ಉಂಟಲ್ಲ.”

ಅವರು ಹೋದ ಮೇಲೆ ನಾನು ಆ ಡಬ್ಬಿಯನ್ನು ಬಲಗಿವಿಗೆ ಹಿಡಿದೆ, ನಂತರ ಎಡಗಿವಿಗೆ. ಅರಣೆ ಇರಲಿಲ್ಲ. ಕಾಗೆಯ ಕೂಗು ಕೇಳುತ್ತಿತ್ತು, ಹೆದ್ದಾರಿಯ ಲಾರಿ ಕೇಳುತ್ತಿತ್ತು, ವಾರಿಜ ಒಳಗೆ ಪಾತ್ರೆ ಕುಕ್ಕುವುದು ಸ್ಪಷ್ಟವಾಗಿ ಕೇಳುತ್ತಿತ್ತು. ಆ ಒಂದು ಸಣ್ಣ ಸದ್ದು ಮಾತ್ರ ನನ್ನನ್ನು ಬಿಟ್ಟು ಹೋಗಿತ್ತು. ತಂದೆಯವರು ನನಗೆ ಕೊಟ್ಟ ಆಸ್ತಿ ಅದೊಂದೇ ಎಂದು ಆಗ ಅನ್ನಿಸಿತು.

ದುಃಖದ ಹಿಂದೆಯೇ ಭಯ ಬಂತು. ಚೆನ್ನಾಗಿರುವುದನ್ನು ತಿರಸ್ಕರಿಸಿದ ಕಿವಿ, ಅಂಗೀಕರಿಸಿದ್ದಾದರೂ ಏನನ್ನು? ಆದರೂ ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಲೇಬೇಕಾಯಿತು. ಅಪೇಕ್ಷೆಯ, ಅಂದರೆ ಅರ್ಜಿಯ, ನಮೂನೆಯಲ್ಲಿ ‘ತೇವಾಂಶ ಪರೀಕ್ಷಿಸುವ ವಿಧಾನ’ ಎಂಬ ಅಂಕಣವಿತ್ತು. ‘ಉತ್ಪಾದಕರ ಬಲಗಿವಿ’ ಎಂದು ಬರೆದೆ. ಬಳಿಕ, ಅದು ಸುಳ್ಳು ಹೇಳಿಕೆಯಾಗುವುದೆಂದು ಹೆದರಿ ಹೊಡೆದುಹಾಕಿ, ‘ಪಾರಂಪರಿಕ’ ಎಂದು ಬರೆದು ಸಹಿ ಹಾಕಿದೆ. ಸೇವೆಯಲ್ಲಿದ್ದಾಗ ಇಂತಹ ಉತ್ತರ ಬರೆದವರ ಅಪೇಕ್ಷೆಗಳನ್ನು ನಾನೇ ಹಿಂದಿರುಗಿಸಿದ್ದೆ.

ವರದಿ ಬರುವವರೆಗಿನ ದಿನಗಳಲ್ಲಿ ನನಗೆ ಊಟ ರುಚಿಸಲಿಲ್ಲ. ಬಂದ ದಿನ, ಓದುವ ಧೈರ್ಯವಿಲ್ಲದೆ ಲಕೋಟೆ ಸಹಿತ ಅದನ್ನು ಹಮೀದಿಚ್ಚರ ಅಂಗಡಿಗೆ ಕೊಂಡೊಯ್ದೆ. ಅವರು ಅದನ್ನು ಹೊರದೇಶದ ಕಾಗದದ ಪಕ್ಕದಲ್ಲಿಟ್ಟು ಬೆರಳಿನಿಂದ ಸಾಲು ಹಿಡಿದು ಓದಿದರು. ಇನ್ನೊಮ್ಮೆ ಓದಿದರು. ನಮ್ಮ ಪುಡಿ ಅದಕ್ಕಿಂತಲೂ ಒಣಗಿತ್ತು. ಇಷ್ಟು ಒಣಗಿಸುವ ಗುಟ್ಟೇನು ಎಂದು ಕೇಳಿದರು. ಪಾರಂಪರಿಕ ಎಂದೆ.

ಮನೆಗೆ ಬಂದು ವಾರಿಜಳಲ್ಲಿ ಎಲ್ಲವನ್ನೂ ಒಪ್ಪಿಕೊಂಡೆ: ಎರಡು ವರ್ಷಗಳಿಂದ ನನಗೆ ಡಬ್ಬಿಯ ಸದ್ದು ಕೇಳುತ್ತಿಲ್ಲ, ನಾನು ಬರೆದ ಷರಾಗಳಿಗೆಲ್ಲ ಆಧಾರವಿಲ್ಲ ಎಂದು. ಅವಳು ಜರಡಿಯಿಂದ ಕಣ್ಣೆತ್ತಲಿಲ್ಲ.

“ನನಗೆ ಗೊತ್ತುಂಟು.”

ಗೊತ್ತಿದ್ದೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

“ಎಂತ ಹೇಳುವುದು ಮಾರಾಯ್ರೆ? ಕಿವಿ ಸರಿ ಇದ್ದಾಗ ಒಂದೇ ಸಲ ಒಣಗಿಸಿ ಸುಮ್ಮನಾಗ್ತಿದ್ರಿ. ಆಗ ಮಳೆಗಾಲಕ್ಕೆ ನಾಲ್ಕು ಡಬ್ಬಿ ಬೂಸಲು ಬರ್ತಿತ್ತು. ಈ ಎರಡು ವರ್ಷದಲ್ಲಿ ಒಂದಾದರೂ ಬಂದದ್ದುಂಟಾ?”

ಬಂದಿರಲಿಲ್ಲ.

ಅವಳ ಒತ್ತಾಯದ ಮೇರೆಗೆ ಮಂಗಳೂರಿಗೆ ಹೋಗಿ ಕಿವಿಗೆ ಯಂತ್ರ ಹಾಕಿಸಿಕೊಂಡು ಬಂದೆ. ಮರುದಿನ ಬೆಳಿಗ್ಗೆ ಬೋರ್ಮದಿಂದ ಮೊದಲ ಬಾರಿ ಹೊರಬಂದ ಪುಡಿಯನ್ನು ಡಬ್ಬಿಗೆ ಹಾಕಿ ಅಲ್ಲಾಡಿಸಿದೆ. ಹಲಸಿನ ತರಗೆಲೆಯ ಮೇಲೆ ಅರಣೆ ಓಡಿತು. ಕಣ್ಣು ಮುಚ್ಚಿಕೊಂಡೆ, ಬನ್ನಿನ ತಲೆಯ ವಾಸನೆ ಬಂತು ಎಂದರೆ ಓದುಗರು ನಂಬಬೇಕೆಂದು ಪ್ರಾರ್ಥನೆ. ಇನ್ನೂ ಎಷ್ಟು ಹೊತ್ತು ಹಾಗೆಯೇ ನಿಂತಿರುತ್ತಿದ್ದೆನೋ. ‘ಅಂಗೀಕರಿಸಲಾಗಿದೆ’ ಎಂದು ಬರೆಯಲು ಸೀಮೆಸುಣ್ಣ ಎತ್ತಿದಾಗ, ವಾರಿಜ ಎದುರು ಬಂದು ಅಂಗೈ ಚಾಚಿದಳು.

“ಆ ಯಂತ್ರ ಇಲ್ಲಿ ಕೊಡಿ. ಕೆಲಸ ಮುಗಿದ ಮೇಲೆ ಹಾಕಿಕೊಳ್ಳಿ.”

ಕೊಟ್ಟೆ. ಅಂದಿನಿಂದ ಆಕೆಯ ಮಾತನ್ನು ಆಲಿಸಲು ಯಂತ್ರವನ್ನು ಧರಿಸುತ್ತೇನೆ. ಪುಡಿಯನ್ನು ಆಲಿಸಲು ತೆಗೆದಿಡುತ್ತೇನೆ. ಡಬ್ಬಿಯನ್ನು ಬಲಗಿವಿಯ ಬಳಿ ಹಿಡಿದು, ತಂದೆಯವರಂತೆಯೇ ತಲೆ ಓರೆ ಮಾಡಿ, ಏನೂ ಕೇಳಿಸದಿರುವುದನ್ನು ಖಚಿತಪಡಿಸಿಕೊಂಡು, ಗಂಭೀರವಾಗಿ ಬರೆಯುತ್ತೇನೆ: ‘ಇನ್ನೊಮ್ಮೆ ಒಣಗಿಸತಕ್ಕದ್ದು.’