ಗಾಲಿ ತಿರುಗಿದರೆ ಪಗಾರ

ಲಾರಿ ಓಡಿಸುವವನ ಬಾಳಿನಲ್ಲಿ ಫಜೀತಿಗೆ ಎಂದೂ ಬರವಿಲ್ಲ. ಒಂದನ್ನು ದಾಟಿ ಬೆವರು ಒರೆಸಿಕೊಳ್ಳುವುದರೊಳಗೆ ಇನ್ನೊಂದು ರಸ್ತೆಗೆ ಅಡ್ಡ ನಿಂತಿರುತ್ತದೆ. ಈಗ ಹೇಳುವಾಗ ನಗು ಬರುತ್ತದೆ. ಆಗ ಎದೆ ಡವಡವ ಅನ್ನುತ್ತಿತ್ತು.

ಮಹಾಯುದ್ಧದ ಕಾಲ. ಪೆಟ್ರೋಲು ಸಿಗದೆ ಲಾರಿಯ ಬೆನ್ನಿಗೆ ಇದ್ದಿಲಿನ ಡ್ರಮ್ಮು ಕಟ್ಟಿ, ಅದರ ಗ್ಯಾಸಿನ ಮೇಲೆ ಓಡಿಸುತ್ತಿದ್ದೆವು. ನಾನು ಹುಬ್ಬಳ್ಳಿಯ ಒಬ್ಬ ಹತ್ತಿ ಸಾವಕಾರರ ಲಾರಿಗೆ ಡ್ರೈವರ್. ಅವರದು ಒಂದೇ ಕಾನೂನು: "ಗಾಲಿ ತಿರುಗಿದ ದಿವಸ ಪಗಾರ. ಗಾಲಿ ನಿಂತ್ರ ಪಗಾರೂ ನಿಂತು." ಹಾಗಂತ ಕೆಟ್ಟ ಲಾರಿಯನ್ನು ಬಿಟ್ಟು ಮನೆಗೆ ಹೋಗುವ ಹಾಗೂ ಇಲ್ಲ. ರಿಪೇರಿ ಮುಗಿಯುವ ತನಕ ಕಾಯುತ್ತ ಕೂಡಬೇಕು, ಪುಕ್ಕಟೆ. ಆ ವರ್ಷವೇ ನನ್ನ ಹೆಂಡತಿ ಚೊಚ್ಚಲ ಬಸುರಿ. ಅವಳಿಗೆ ತವರಿನಲ್ಲಿ ಯಾರೂ ಉಳಿದಿರಲಿಲ್ಲ, ಸೂಲಗಿತ್ತಿಯಿಂದ ಹಿಡಿದು ಬಾಣಂತಿಯ ತುಪ್ಪದವರೆಗೆ ಎಲ್ಲ ನನ್ನ ತಲೆಯ ಮೇಲೆ. ಹೀಗಾಗಿ ಇಂಜಿನ್ನು ಸೀನಿದರೆ ನನಗೆ ಜ್ವರ ಬರುತ್ತಿತ್ತು.

ಖಡಲ್ ಖಡಲ್

ಒಮ್ಮೆ ಧಾರವಾಡದಿಂದ ಹೊರಟಾಗ ಒಬ್ಬ ಸಾಲಿ ಮಾಸ್ತರರು ಹುಬ್ಬಳ್ಳಿಗೆ ಅಂತ ನನ್ನ ಪಕ್ಕದಲ್ಲಿ ಕೂತರು. ಊರು ದಾಟಿದ್ದೇ ತಡ, ಎಲ್ಲಿಂದಲೋ 'ಖಡಲ್ ಖಡಲ್' ಸಪ್ಪಳ ಶುರುವಾಯಿತು. ಆಯಿತು, ಏನೋ ಮುರಿಯಿತು ಅಂದುಕೊಂಡೆ. ಇಳಿದು ಬಾನೆಟ್ಟು ಎತ್ತಿ, ಬಗ್ಗಿ ನೋಡಿ, "ಶಿವನ, ಮನಿ ಮುಟ್ಟಿಸಪಾ" ಎಂದು ಬೇಡಿಕೊಂಡು ಮತ್ತೆ ಹತ್ತಿದೆ. ನಿಂತಾಗ ಸಪ್ಪಳವಿಲ್ಲ, ಹೊರಟರೆ ಮತ್ತೆ ಖಡಲ್. ಉಣಕಲ್ಲು ಬರುವ ತನಕ ಅದೆಷ್ಟು ಸಲ ಇಳಿದೆನೋ, ಅದೆಷ್ಟು ಸಲ ಬಗ್ಗಿದೆನೋ!

ಹುಬ್ಬಳ್ಳಿಯಲ್ಲಿ ಮಾಸ್ತರರು ಇಳಿಯುತ್ತ ಸೀಟಿನ ಅಡಿಯಿಂದ ತಮ್ಮ ತಾಮ್ರದ ತಂಬಿಗೆ ಎತ್ತಿಕೊಂಡರು. ಅದರೊಳಗಿದ್ದ ನೀರು ಕುಡಿಯುವ ವಾಟೆ 'ಖಡಲ್' ಅಂದಿತು.

"ಮಾಸ್ತರ, ಸಪ್ಪಳ ಇದರದೇನ್ರಿ? ಮೊದಲ ಹೇಳಬಾರದೇನ್ರಿ!"

"ನೀವೆಲ್ಲಿ ಕೇಳಿದ್ರಿ? ಅಲ್ಲಲ್ಲಿ ಇಳದು, ಬಗ್ಗಿ, ಶಿವಾ ಶಿವಾ ಅಂದ್ರಿ. ಈ ದಾರ್ಯಾಗ ಇಷ್ಟು ಗುಡಿ ಅದಾವು ಅಂತ ನನಗ ಗೊತ್ತಿರಲಿಲ್ಲ. ಒಳಗ ಕೂತು ನಾನೂ ಎಲ್ಲಾದಕ್ಕೂ ಕೈ ಮುಗದೆ ನೋಡ್ರಿ."

ಸುಳ್ಳದ ಎತ್ತು

ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಹಳ್ಳಿಯಿಂದ ಹತ್ತಿ ತುಂಬಿಕೊಂಡು ಬರುವಾಗ ಲಾರಿ ನಡುದಾರಿಯಲ್ಲಿ ಸತ್ತುಬಿಟ್ಟಿತು. ಏನು ಮಾಡಿದರೂ ಉಸಿರಿಲ್ಲ. ಗಾಲಿ ನಿಂತಿತು, ಪಗಾರ ಹೋಯಿತು! ಆಗ ನನ್ನ ತಲೆ ಓಡಿತು. ಊರಿನ ರೈತನೊಬ್ಬನ ಕೈಕಾಲು ಹಿಡಿದು, ಎರಡು ಜೋಡಿ ಎತ್ತು ಕಟ್ಟಿಸಿ, ಲಾರಿಯನ್ನು ಸಾವಕಾರರ ಅಂಗಳದವರೆಗೆ ಎಳೆಸಿಕೊಂಡು ಬಂದೆ. ನಾನು ಮಾತ್ರ ಸ್ಟೇರಿಂಗ್ ಹಿಡಿದು ಗತ್ತಿನಿಂದ ಕೂತಿದ್ದೆ. ಕಟ್ಟೆಯ ಮೇಲೆ ಬತ್ತಿ ಹೊಸೆಯುತ್ತಿದ್ದ ಸಾವಕಾರರ ತಾಯಿ ಕೆಲಸ ಬಿಟ್ಟು ನೋಡಿದರು.

"ಸಾವಕಾರ್ರ, ದಾರಿ ತುಂಬ ಗಾಲಿ ತಿರುಗ್ಯಾವ್ರಿ. ಪಗಾರ ಬರಬೇಕಲ್ರಿ?" ಎಂದೆ.

ಸಾವಕಾರರು ಮೀಸೆ ತೀಡಿಕೊಂಡರು. "ಖರೇ ಅದ. ಆದ್ರ ತಿರುಗಿಸಿದವ್ರು ಯಾರಪಾ? ಎತ್ತು. ಯಾರು ತಿರುಗಿಸ್ಯಾರೋ ಅವರಿಗೆ ಪಗಾರ."

ಮಾತಿನ ಮನುಷ್ಯ ಅವರು. ಅಲ್ಲಿಯೇ ಒಂದು ಬುಟ್ಟಿ ಹತ್ತಿಕಾಳು ತರಿಸಿ ಎತ್ತುಗಳ ಮುಂದೆ ಇಡಿಸಿದರು. ನನ್ನ ಪಗಾರವನ್ನು ಎತ್ತುಗಳು ಕಣ್ಣು ಮುಚ್ಚಿ ಮೆಲ್ಲುವುದನ್ನು ನಾನು ನಿಂತು ನೋಡಿದೆ.

ಎಣ್ಣೆಗಾಯಿ

ಲಾರಿ ಹಳೇ ಹುಬ್ಬಳ್ಳಿಯ ಮಿಸ್ತ್ರಿ ಚಾಚಾನ ಕೈಗೆ ಹೋಯಿತು. ಚಾಚಾ ಕೆಲಸಗಾರ ಛಲೋ, ಆದರೆ ನಿಧಾನಸ್ಥ. "ಆತು ತಮ್ಮಾ, ನಾಳೆ" ಅನ್ನುವುದು ಅವನ ಪಲ್ಲವಿ. ಲಾರಿಯ ಪಕ್ಕ ಕೂತು ನಾನು ಸೂಲಗಿತ್ತಿಯ ಮುಖ ನೆನೆಸಿಕೊಳ್ಳುತ್ತಿದ್ದೆ. ರಾತ್ರಿ ನಿದ್ದೆಯೂ ಹತ್ತುತ್ತಿರಲಿಲ್ಲ.

ಹೆಂಡತಿ ಉಪಾಯ ಹೇಳಿದಳು: "ಹೊಟ್ಟಿ ತುಂಬಿದ್ರ ಕೈ ಲಗೂ ಓಡತಾವ. ನಾ ಬುತ್ತಿ ಕಟ್ಟತೇನಿ." ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಚಟ್ನಿ. ಚಾಚಾ ಬೆರಳು ಚೀಪಿ ಉಂಡ. ಮರುದಿನ ಇಂಜಿನ್ನು ಮುಗಿಸಿ, "ಗೇರಿನ ಪೆಟಗಿ ಬಿಚ್ಚಿ ನೋಡಬೇಕು" ಅಂದ. ಅದಾದ ಮೇಲೆ ಬ್ರೇಕು. ಅದಾದ ಮೇಲೆ ಕೆಟ್ಟಿರದ ಹಾರ್ನು. ಸಂಜೆ ಆಗುತ್ತಲೇ ಕೇಳುತ್ತಿದ್ದ: "ತಂಗಿ ನಾಳೆ ಏನ ಪಲ್ಯಾ ಮಾಡತಾಳ?"

ಮನೆಗೆ ಬಂದು ಹೇಳಿದೆ. ಹೆಂಡತಿ ಮರುದಿನ ಬರೀ ಉಪ್ಪಿಲ್ಲದ ಗಂಜಿ ಕಳಿಸಿದಳು. ಮಧ್ಯಾಹ್ನದೊಳಗೆ ಲಾರಿ ತಯಾರಾಯಿತು.

ನಿಶ್ಚಯಕ್ಕೆ ಹೊರಟಾಗ

ಹೆಂಡತಿಗೆ ದಿನ ತುಂಬಿದ್ದವು. ಕೈಯಲ್ಲಿ ಮಾತ್ರ ಏನೂ ಇರಲಿಲ್ಲ. ಆಗಲೇ ಸಾವಕಾರರ ಮಗನ ನಿಶ್ಚಯ ಧಾರವಾಡದಲ್ಲಿ ನಿಗದಿಯಾಯಿತು. ಕಾರಿಗೆ ಪೆಟ್ರೋಲು ಸಿಗಲಿಲ್ಲ. ಲಾರಿಯಲ್ಲಿ ಜಮಖಾನ ಹಾಸಿ ಮನೆಮಂದಿಯೆಲ್ಲ ಹತ್ತಿದರು. ಸಾವಕಾರರು ರೇಶಿಮೆ ಅಂಚಿನ ಧೋತರ, ಜರಿ ರುಮಾಲು; ಅವರ ತಾಯಿ ನನ್ನ ಪಕ್ಕದಲ್ಲಿ.

ಬೈರಿದೇವರಕೊಪ್ಪದ ಹತ್ತಿರ ಲಾರಿ ಕೆಮ್ಮಿ ನಿಂತಿತು. ಡ್ರಮ್ಮಿನಲ್ಲಿ ಬೂದಿ ಕಟ್ಟಿತ್ತು. ಇವತ್ತಿನ ಪಗಾರವೂ ಹೋಯಿತು ಅಂದುಕೊಂಡು ಕೆಳಗಿಳಿದೆ. ಸಾವಕಾರರಿಗೆ ನನಗಿಂತ ಹೆಚ್ಚು ಕಳವಳ. "ಮುಹೂರ್ತ ಮೀರತದೋ! ಏನರೆ ಮಾಡೋ!"

ಬೂದಿ ತೆಗೆದು, ಬೆಂಕಿ ಊದಿ, "ಇನ್ನ ನೂಕಬೇಕ್ರಿ" ಎಂದೆ. ಗಂಡಸರೆಲ್ಲ ಇಳಿದರು. ಸಾವಕಾರರು ಧೋತರ ಎತ್ತಿ ಕಟ್ಟಿ, ಸರಿಯಾಗಿ ಡ್ರಮ್ಮಿನ ಹಿಂದೆ ನಿಂತು ನೂಕಿದರು. ಲಾರಿ ಭುಸ್ ಎಂದು ಹೊಗೆ ಬಿಟ್ಟು ಹೊರಟಿತು. ನಿಲ್ಲಿಸಿದರೆ ಮತ್ತೆ ಸಾಯುತ್ತದೆ ಎಂಬ ಭಯಕ್ಕೆ ನಾನು ನಿಲ್ಲಿಸಲಿಲ್ಲ. ಎಲ್ಲರೂ ಓಡುತ್ತ ಹತ್ತಿದರು. ಹೇಗೋ ಮುಹೂರ್ತಕ್ಕೆ ಮುಟ್ಟಿದೆವು. ಬೀಗರ ಬಾಗಿಲಲ್ಲಿ ಸಾವಕಾರರು ಇಳಿದಾಗ ರುಮಾಲಿನಿಂದ ಮೀಸೆಯವರೆಗೆ ಇದ್ದಿಲು. ಹಲ್ಲು ಮಾತ್ರ ಬಿಳಿ.

ತಾಯಿ ಅಲ್ಲಿಯೇ, ಬೀಗರ ಎದುರಿಗೇ ಸಾವಕಾರರನ್ನು ಕೇಳಿದರು: "ತಮ್ಮಾ, ಇವತ್ತು ಈ ಡ್ರೈವರಗ ಪಗಾರ ಅದನೋ ಇಲ್ಲೋ? ಅವನ ಹೇಣ್ತಿ ದಿನ ತುಂಬಿದಾಕಿ."

"ಕೊಡ್ತೇನೆವ್ವಾ, ಕೊಡ್ತೇನಿ. ಇನ್ನ ಮ್ಯಾಲೆ ಲಾರಿ ನಿಂತ ದಿವಸಾನೂ ಕೊಡ್ತೇನಿ. ಮೊದಲ ಒಳಗ ನಡಿ."

ನನ್ನ ಕಣ್ಣು ತುಂಬಿ ಬಂದವು. ಮುದುಕಿ ಮಾತ್ರ ಕದಲಲಿಲ್ಲ.

"ಅವನದು ಆತು. ಇನ್ನ ನಿಂದು? ತಿರುಗಿಸಿದವ್ರಿಗೆ ಪಗಾರ ಅಂತ ನೀನ ಅಂದಿದ್ದಿ." ಆಮೇಲೆ ಬೀಗಿತಿಯ ಕಡೆ ತಿರುಗಿದರು. "ಏನವ್ವಾ, ನಿಮ್ಮ ಮನ್ಯಾಗ ಒಂದು ಬುಟ್ಟಿ ಹತ್ತಿಕಾಳು ಸಿಗತಾವೇನು?"